ದ್ಯಾಮಣ್ಣನ ಸುರುಳಿಗೆ ನಾನು ಹಾಕಿದ ಕತ್ತರಿ

ನಿನ್ನೆ ಗಂಟು ಹೊತ್ತು ಬಂದ ಸೀರೆಯವನಿಂದ ನಮ್ಮಾಕೆ ಗಜೇಂದ್ರಗಡದ ಕೈಮಗ್ಗದ ಸೀರೆಯೊಂದನ್ನು ಕೊಂಡಳು. ನಡುಮನೆಯಲ್ಲಿ ಅದನ್ನು ಬಿಚ್ಚಿ ಹಾಸಿ ನನಗೇನೋ ಹೇಳುತ್ತಿದ್ದಳು. ನಾನು ಪತ್ರಿಕೆಯಿಂದ ತಲೆ ಎತ್ತದೆ, ಮದುವೆಯಾದ ವರ್ಷದಿಂದ ಬಳಸುತ್ತ ಬಂದಿರುವ "ಹ್ಞೂಂ" ಎಂಬ ಉತ್ತರವನ್ನೇ ಕೊಟ್ಟೆ. ಅಷ್ಟರಲ್ಲಿ ಹೊಸ ಸೀರೆಯ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆ ಬಂದರೆ ನನಗೆ ಇವತ್ತಿಗೂ ಮೊದಲು ಸಿಟ್ಟು ಬರುತ್ತದೆ. ಆಮೇಲೆ ಬರುವುದು ಬೇರೆ. ಅದನ್ನು ನಿಮಗೆ ಹೇಳಬೇಕಾದರೂ ಸಿಟ್ಟಿನಿಂದಲೇ ಶುರು ಮಾಡಬೇಕು.

ಐವತ್ತರ ದಶಕದಲ್ಲಿ ನಾನೊಂದು ಟೂರಿಂಗ್ ಟಾಕೀಸಿನ ಕಾರಕೂನ. ನಮ್ಮ ಡೇರೆ ಕೆಲವು ತಿಂಗಳು ರೋಣದಲ್ಲಿ, ಕೆಲವು ತಿಂಗಳು ನರಗುಂದದಲ್ಲಿ, ಆಮೇಲೆ ಗಜೇಂದ್ರಗಡದಲ್ಲಿ. ಹುಬ್ಬಳ್ಳಿಯ ವಿತರಕರ ಕಚೇರಿಗೆ "ಪೆಟ್ಟಿಗೆ ಕಳಿಸಿ", "ಪೆಟ್ಟಿಗೆ ಮುಟ್ಟಿತು", "ನಾಲ್ಕನೆಯ ರೀಲು ಹರಿದಿದೆ" ಎಂದು ಕಾಗದ ಬರೆಯುವುದು ನನ್ನ ಕೆಲಸ. ಸಿನಿಮಾದವರಿಗೆ ಕಾಗದ ಬರೆಯುತ್ತಾನೆ ಎಂಬ ಒಂದೇ ಕಾರಣಕ್ಕೆ ನಾನು ನಿರ್ಮಾಪಕರ ಹೆಗಲ ಮೇಲೆ ಕೈ ಹಾಕಿಕೊಂಡು ತಿರುಗುವ ಮನುಷ್ಯ ಎಂದು ಮೂರೂ ಊರಲ್ಲಿ ಸುದ್ದಿಯಾಯಿತು. ತಪ್ಪು ನನ್ನದೂ ಇತ್ತೆನ್ನಿ. ಅದು ಸುಳ್ಳು ಎಂದು ನಾನು ಒಬ್ಬರಿಗೂ ಹೇಳಲಿಲ್ಲ.

ಕಥೆಗಾರರು ಬರತೊಡಗಿದರು. ನರಗುಂದದ ಅರಿವೆ ಅಂಗಡಿಯವರೊಬ್ಬರ ಕಥೆಯಲ್ಲಿ ಹನ್ನೊಂದು ಹಾಡು ಮುಗಿಯುವ ತನಕ ನಾಯಕ ಊರಿಗೇ ಬರುತ್ತಿರಲಿಲ್ಲ. ಇಟಗಿಯ ಮಾಸ್ತರರೊಬ್ಬರ ಕಥೆಯಲ್ಲಿ ಖಳನಾಯಕನೇ ಇಲ್ಲ. ಯಾಕೆಂದು ಕೇಳಿದರೆ, "ಯಾರ ಬಗ್ಗೆನೂ ಕೆಟ್ಟದ್ದ ಬರಿಯಾಕ ಕೈ ಬರಂಗಿಲ್ರಿ" ಎಂದು ನನ್ನನ್ನೇ ಖಳನಾಯಕನ ಹಾಗೆ ನೋಡಿದರು. ಇವರ ಕಾಗುಣಿತ ತಿದ್ದಿ ತಿದ್ದಿ ನನ್ನ ಕಾಗುಣಿತ ಕೆಟ್ಟಿತು. ಗೊಣಗುತ್ತಲೇ ಎಲ್ಲವನ್ನೂ ವಿತರಕರ ಕೈಗೆ ಹಾಕಿ, ಮದರಾಸಿಗೆ ಮುಟ್ಟಿಸಿ ಎಂದು ಕಾಲಿಗೆ ಬೀಳುವುದೊಂದನ್ನು ಬಿಟ್ಟು ಎಲ್ಲ ಮಾಡಿದೆ. ಒಂದಕ್ಕೂ ಉತ್ತರ ಬರಲಿಲ್ಲ.

ಹೀಗೆ ತಲೆ ಕೆಟ್ಟು ಕೂತಾಗ ಬಂದವನು ಗಜೇಂದ್ರಗಡದ ನೇಕಾರ ದ್ಯಾಮಣ್ಣ. ಕಂಕುಳಲ್ಲಿ ಒನಕೆಯಷ್ಟು ದಪ್ಪದ ಸುರುಳಿ. ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ನೂಲಿಗೆ ಸವರುವ ಗಂಜಿಯನ್ನೇ ಸವರಿ ಒಣಗಿಸಿ, ಮರದ ಕೋಲಿಗೆ ಸುತ್ತಿ ತಂದಿದ್ದ.

"ಏನೋ ಇದು?"

"ಸಿನಿಮಾ ಕಥೀರಿ."

"ವಹಿಯೊಳಗ ಬರಿಯಾಕ ಏನಾಗಿತ್ತು ನಿನಗ?"

"ಸಿನಿಮಾ ಅಂದ್ರ ಸುರುಳಿ ಅಲ್ರಿ, ಕಾರಕೂನರ? ಕಥಿನೂ ಸುರುಳಿನ ಇರಬೇಕಲ್ಲ."

ಬಿಚ್ಚಿದೆ. ಮೊಟ್ಟಮೊದಲು ಕಂಡದ್ದು "ಮುಗಿಯಿತು" ಎಂಬ ಮಾತು.

"ನೇಯ್ದಂಗ ನೇಯ್ದಂಗ ಸುತ್ತಗೋತ ಹೋಗೋದ್ರಿ. ಸುರು ಮಾಡಿದ್ದು ಒಳಗ ಉಳಿತೈತಿ. ಸೀರಿನೂ ಹಂಗ ಅಲ್ರಿ?" ಎಂದ. ಅಷ್ಟು ತಿಳಿಯದವನು ಸಿನಿಮಾದಲ್ಲಿ ಹೇಗಿದ್ದೀಯೋ ಎಂಬ ಕನಿಕರ ಅವನ ಮುಖದಲ್ಲಿತ್ತು.

ಡೇರೆಯ ಬೆಂಚುಗಳ ಮೇಲೆ ಆ ಸುರುಳಿಯನ್ನು ಈ ತುದಿಯಿಂದ ಆ ತುದಿಗೆ ಹಾಸಿ, ಹಿಂದಿನಿಂದ ಮುಂದಕ್ಕೆ ನಡೆಯುತ್ತ ಓದಿದೆ. ಗಂಡನ ಮನೆಯಿಂದ ತಿರುಗಿ ಬಂದ ಹೆಣ್ಣುಮಗಳೊಬ್ಬಳ ಕಥೆ. ಸಿಟ್ಟಿನಲ್ಲೂ ಒಪ್ಪಬೇಕಾಯಿತು, ಚಲೋ ಇತ್ತು. ಯಾರದಪ್ಪಾ ಇದು ಎಂದೆ.

"ನಮ್ಮ ತಂಗಿ ನೀಲವ್ವಂದ್ರಿ. ಸವಡಿಗೆ ಕೊಟ್ಟಿದ್ವಿ. ಮಕ್ಕಳಾಗಲಿಲ್ಲ ಅಂತ ಹೊಳ್ಳಿ ಕಳಿಸಿದ್ರು. ಬಂದಾಗಿಂದ ಯಾರ ಜೋಡಿನೂ ಮಾತಿಲ್ಲ. ರಾಟಿ ಮುಂದ ಕುಂತು ನೂಲು ಸುತ್ತೂ ಮುಂದ ಅಷ್ಟ, ತನ್ನಷ್ಟಕ್ಕ ತಾ ಏನೋ ಅಂತಿರತಾಳ. ನಾ ಮಗ್ಗದಾಗ ಕುಂತು ಕೇಳತೀನಿ."

"ಸಿನಿಮಾ ಆದ್ರ ನಿನಗೇನ ಬರತೈತಿ?"

"ಆಕಿನ್ನ ಕರಕೊಂಡು ಬಂದು ಈ ಡೇರೇದಾಗ ಕುಂದ್ರಸ್ತೀನ್ರಿ. ಆಕಿ ಮಾತು ಆಕಿಗೂ ಕೇಳಬೇಕು, ಊರಿಗೂ ಕೇಳಬೇಕು."

ಆಕೆಯ ಮಾತು ಎಂದರೆ ಆಕೆಯ ವಿಷಯ ಎಂದು ನಾನು ತಿಳಿದುಕೊಂಡೆ.

ಈ ಸಲ ನನ್ನ ಅದೃಷ್ಟವೂ ಖುಲಾಯಿಸಿತು. ಒಬ್ಬ ನಿರ್ಮಾಪಕರು ಗದಗಿನಿಂದ ವಿಜಾಪುರಕ್ಕೆ ರೈಲಿನಲ್ಲಿ ಹೋಗುವವರಿದ್ದಾರೆ, ಕಥೆಯನ್ನು ಮೊದಲೇ ಕಳಿಸಿದರೆ ಓದಿಕೊಂಡು ಹೊಳೆಆಲೂರ ಸ್ಟೇಶನ್ನಿನಲ್ಲಿ ಮಾತಾಡುತ್ತಾರೆ ಎಂದು ವಿತರಕರು ಬರೆದರು. ಲಗೂ ಕಳಿಸಿ, ಲಕೋಟೆಯಲ್ಲಿ ಹಿಡಿಯುವಂತಿರಲಿ ಎಂದೂ ಸೇರಿಸಿದ್ದರು. ಒನಕೆಯನ್ನು ಲಕೋಟೆಯಲ್ಲಿ ಹಾಕುವುದು ಹೇಗೆ, ನೀವೇ ಹೇಳಿ. ಕತ್ತರಿ ತಗೊಂಡೆ. ಹಾಳೆ ಹಾಳೆಯಾಗಿ ಕತ್ತರಿಸಿ, ಮೊದಲಿನದನ್ನು ಮೊದಲಿಗೆ ತಂದು, ಸಂಖ್ಯೆ ಹಾಕಿದೆ. ಆದರೂ ಹಾಳೆಗಳು ಅಗಲ. ಎರಡೂ ಅಂಚಿನಲ್ಲಿ ಉದ್ದಕ್ಕೂ ಕೆಂಪು ಪೆನ್ಸಿಲಿನಲ್ಲಿ ಏನೋ ಅಡ್ಡಡ್ಡ ಬರೆದಿತ್ತು. ಒಂದು ಸಾಲು ನೋಡಿದೆ: "ಎಳಿ ಹರದ್ರ ನಾ ಕಟ್ಟತೀನಿ, ನಾ ಹರದ್ರ ಯಾರ ಕಟ್ಟಬೇಕು." ಎಳೆ, ಕಟ್ಟುವುದು ಎಂದೆಲ್ಲ ಇದೆಯಲ್ಲ, ಮಗ್ಗದ ಕೆಲಸದ ಟಿಪ್ಪಣಿ ಇರಬೇಕು, ಈ ಪುಣ್ಯಾತ್ಮನಿಗೆ ಕಥೆಯ ಹಾಳೆಯೇ ಬೇಕಿತ್ತೇ ಎಂದು ಬೈದುಕೊಂಡು ಎರಡೂ ಅಂಚು ಕತ್ತರಿಸಿ ತೆಗೆದೆ. ಹಾಳೆಗಳು ಲಕೋಟೆ ಸೇರಿ ಹೋದವು. ಉಳಿದ ಅಂಚಿನ ಪಟ್ಟಿಗಳು ಗಂಜಿ ಕುಡಿದ ಕಾಗದ, ಹಗ್ಗದಷ್ಟು ಗಟ್ಟಿ. ನರಗುಂದಕ್ಕೆ ಹೋಗುವ ಹ್ಯಾಂಡ್‌ಬಿಲ್ಲಿನ ಕಟ್ಟುಗಳನ್ನು ಅದರಿಂದಲೇ ಬಿಗಿದೆ.

ಹೊಳೆಆಲೂರಲ್ಲಿ ಎಂಜಿನ್ನು ನೀರು ಕುಡಿಯುವಷ್ಟು ಹೊತ್ತು ನಮ್ಮದಾಗಿತ್ತು. ದ್ಯಾಮಣ್ಣ ಮಡಿ ಧೋತರ ಉಟ್ಟು, ತಲೆಗೆ ರುಮಾಲು ಸುತ್ತಿ ಬಂದಿದ್ದ. ನಿರ್ಮಾಪಕರು ಮೈಸೂರು ಕಡೆಯವರು, ಸಭ್ಯ ಮನುಷ್ಯರು. ರೈಲಿನ ಡಬ್ಬಿಯಿಂದ ಇಳಿದು ಬಂದು, ನನ್ನ ಹಾಳೆಗಳನ್ನು ಕೈಯಲ್ಲಿ ಹಿಡಿದುಕೊಂಡೇ ಮಾತಾಡಿದರು.

"ಕಥೆ ನನಗೆ ಹಿಡಿಸಿತು. ಆದರೆ ಒಂದು ತಿಳಿಯಲಿಲ್ಲ. ಎಲ್ಲ ದೃಶ್ಯದಲ್ಲೂ ಆ ಹುಡುಗಿ ಇದ್ದಾಳೆ. ಅತ್ತೆ ಮಾತಾಡುತ್ತಾಳೆ, ಗಂಡ ಮಾತಾಡುತ್ತಾನೆ, ಊರವರು ಮಾತಾಡುತ್ತಾರೆ. ಅವಳು ಮಾತ್ರ ಮೊದಲಿನಿಂದ ಕೊನೆಯವರೆಗೆ ತುಟಿ ಬಿಚ್ಚೋದಿಲ್ಲವಲ್ಲ? ಮೂಗಿಯೇನು?"

ದ್ಯಾಮಣ್ಣ ಹಾಳೆಗಳನ್ನು ನೋಡಿದ. ಅವುಗಳ ಅಂಚಿನ ಮೇಲೆ ಬೆರಳಾಡಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ದಡಿ ಎಲ್ಲಿ ಹೋತ್ರೀ, ಕಾರಕೂನರ? ಆಕಿ ಮಾತು ದಡಿಯಾಗಿದ್ವಲ್ಲ."

"ಏನದು ದಡಿ?" ಎಂದರು ನಿರ್ಮಾಪಕರು.

ಸೀರೆಯ ಅಂಚಿಗೆ ನಮ್ಮ ಕಡೆ ದಡಿ ಎನ್ನುತ್ತಾರೆ ಸ್ವಾಮಿ, ಹುಡುಗಿ ಮೂಗಿಯಲ್ಲ, ಅವಳ ಮಾತನ್ನು ನಾನೇ ಕತ್ತರಿಸಿಬಿಟ್ಟೆ ಎಂದು ಹೇಳಬೇಕಿತ್ತು. ಅದಕ್ಕೆಷ್ಟು ಹೊತ್ತು ಬೇಕು? ಎಂಜಿನ್ನು ಇನ್ನೂ ನೀರು ಕುಡಿಯುತ್ತಲೇ ಇತ್ತು. ನಿರ್ಮಾಪಕರು ನನ್ನ ಮುಖವನ್ನೇ ನೋಡುತ್ತ ನಿಂತಿದ್ದರು.

"ಏನೂ ಇಲ್ಲ ಬಿಡ್ರಿ, ನೇಕಾರರ ಮಾತು" ಎಂದೆ.

ಅವರು ಹಾಳೆಗಳನ್ನು ದ್ಯಾಮಣ್ಣನ ಕೈಗೆ ಕೊಟ್ಟು, ಅವನ ಭುಜ ತಟ್ಟಿ, ಡಬ್ಬಿ ಹತ್ತಿದರು. ರೈಲು ಹೋಯಿತು.

"ಬಾಯಿಲೆ ಹೇಳು ದ್ಯಾಮಣ್ಣ, ಈಗಿಂದೀಗ ಬರಕೋತೀನಿ" ಎಂದು ನಾನು ಬಡಬಡಿಸಿದೆ.

"ಮೂರು ವರ್ಷ ಕೇಳಿ ಬರದಿದ್ದೆನ್ರಿ. ಒಮ್ಮಿ ಅಂದದ್ದನ್ನ ಆಕಿ ಮತ್ತೊಮ್ಮಿ ಅನ್ನಂಗಿಲ್ಲ" ಎಂದ. ಒಂದು ಬೈಗುಳ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ನಾನು ನರಗುಂದಕ್ಕೆ ಓಡಿದೆ. ಹ್ಯಾಂಡ್‌ಬಿಲ್ಲು ಹಂಚಿಯಾಗಿತ್ತು. ಕಟ್ಟಿದ್ದ ಕಾಗದ ಎಲ್ಲಿ ಎಂದು ಕೇಳಿದರೆ ಹಂಚಿದವರು ನಕ್ಕರು. ಅದಾದ ಮೇಲೆ ಕಥೆ ಹಿಡಿದು ಬಂದವರಿಗೆಲ್ಲ ನಾನು ಯಾವ ನಿರ್ಮಾಪಕರನ್ನೂ ಅರಿಯೆ ಎಂದು ಹೇಳಿ ಕಳಿಸಿದೆ. ದ್ಯಾಮಣ್ಣನಂತೂ ಮತ್ತೆ ಡೇರೆಯ ಕಡೆ ಬರಲೇ ಇಲ್ಲ. ಆ ಹಾಳೆಗಳನ್ನು ಕತ್ತರಿಸಿ, ಜೋಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕಿದವನು ನಾನು. ಒಂದು ಹೆಣ್ಣು ಇಡೀ ಕಥೆಯಲ್ಲಿ ಒಂದೂ ಮಾತಾಡದಿರುವುದು ನನ್ನ ಕಣ್ಣಿಗೆ ಬೀಳಲೇ ಇಲ್ಲ, ಅದೇ ಸರಿ ಎಂದುಕೊಂಡಿದ್ದೆ. ಇಷ್ಟು ವರ್ಷ ನನಗೆ ದ್ಯಾಮಣ್ಣನ ಸುರುಳಿಯ ಮೇಲೆ ಸಿಟ್ಟು ಎಂದುಕೊಂಡಿದ್ದೆನಲ್ಲ, ಅದೂ ಸುಳ್ಳು. ನನ್ನ ಮೇಲಿನ ಸಿಟ್ಟದು.

ನಿನ್ನೆ ಇದೆಲ್ಲ ನೆನಪಾಗಿ, ಪತ್ರಿಕೆ ಮಡಚಿಟ್ಟು ನಡುಮನೆಗೆ ಹೋದೆ. ನಮ್ಮಾಕೆ ಸೀರೆಯನ್ನು ಮಡಚುತ್ತಿದ್ದಳು. ದಡಿ ಕೆಂಪಗಿತ್ತು.

"ಆಗ ಏನೋ ಹೇಳಾಕತ್ತಿದ್ದಿಯಲ್ಲ, ಏನದು?" ಎಂದೆ.

ಆಕೆ ನನ್ನ ಹಣೆ ಮುಟ್ಟಿ ನೋಡಿದಳು. ಜ್ವರ ಇಲ್ಲವೆಂದು ಖಾತ್ರಿಯಾದ ಮೇಲೆ ಸೀರೆ ಬದಿಗಿಟ್ಟು, "ಯಾವಾಗಿಂದ ಹೇಳಲಿ?" ಎಂದಳು.

ನಾನು ಅಲ್ಲೇ ನೆಲದ ಮೇಲೆ ಕೂತೆ.