ಚಿಕ್ಕ ಕಾರು, ತಲೆಯ ಮೇಲಿನ ದೀಪ

ಓದುವ ಎಲ್ಲರಿಗೂ ನಮಸ್ಕಾರ. ನಾನು ಹತ್ತನೇ ತರಗತಿ ಪಾಸಾದದ್ದು ಮದುವೆಯಾದ ಮೇಲೆ, ಸಂಜೆ ಶಾಲೆಗೆ ಹೋಗಿ. ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತೇನೆ. ಒತ್ತಕ್ಷರವೋ ದೀರ್ಘವೋ ಎಲ್ಲಾದರೂ ತಪ್ಪಿದ್ದರೆ ಮನೆಯವನೇ ಅಂತ ತಿಳಿದು ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಇಂಡಿ ಕಡೆಯವರು. ಪುಣೆಗೆ ಬಂದದ್ದು ತೊಂಬತ್ತರ ದಶಕದ ಆರಂಭದಲ್ಲಿ. ಮನೆ ನಿಗಡಿಯಲ್ಲಿ, ನನ್ನ ಕೆಲಸ ಚಾಕಣದ ಒಂದು ಬಿಡಿಭಾಗಗಳ ಕಾರ್ಖಾನೆಯ ಸ್ಟೋರಿನಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ಅವ್ವ. ಅವ್ವ ಮತ್ತು ನಾನು ಜೋಳದ ದಂಟಿನ ಹಾಗೆ ಉದ್ದ. ನನ್ನ ಹೆಂಡತಿ ನಿಂತರೆ ನನ್ನ ಎದೆಗೆ ಬರುತ್ತಾಳೆ. ಈ ಎತ್ತರದ ವಿಷಯ ಮುಂದೆ ಬೇಕಾಗುತ್ತದೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಕಾರ್ಖಾನೆಯ ಗೆಳೆಯನೊಬ್ಬನ ಹಳೆಯ ಬಿಳಿ ಕಾರು ಕೊಂಡೆ. ಚಿಕ್ಕದೆಂದರೆ ಬಹಳ ಚಿಕ್ಕದು. ನಾನು ಒಳಗೆ ಕೂತರೆ ತಲೆ ಟಾಪಿಗೆ ತಾಗುತ್ತಿತ್ತು. ಹಳ್ಳ ಬಂದರೆ ಬಡಿಯುತ್ತಿತ್ತು. ಆದರೂ ಅದು ಮನೆ ಮುಂದೆ ಬಂದು ನಿಂತ ದಿನ ನಮ್ಮ ಸಡಗರ ಹೇಳತೀರದು. ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದು ಆದಮೇಲೆ ಅವ್ವ ಕೇಳಿದಳು, "ದೇವರ ಹೆಸರ ಎಲ್ಲಿ?"

ನಮ್ಮ ಕಡೆ ಟ್ರ್ಯಾಕ್ಟರಿರಲಿ, ಟಂಟಂ ಇರಲಿ, ಹಣೆಯ ಮೇಲೆ ಮನೆದೇವರ ಹೆಸರಿಲ್ಲದೆ ಗಾಡಿ ರಸ್ತೆಗೆ ಇಳಿಯುವುದಿಲ್ಲ. ಮರುದಿನವೇ ಅವ್ವನನ್ನು ಕೂರಿಸಿಕೊಂಡು ರೇಡಿಯಂ ಅಂಗಡಿಗೆ ಹೋದೆ. ಪುಣೆಯಲ್ಲಿ ಗಾಡಿಗೆ ಸ್ಟಿಕರ್ ಕತ್ತರಿಸಿ ಅಂಟಿಸುವ ಅಂಗಡಿಗೆ ಹಾಗೇ ಹೇಳುತ್ತಾರೆ. ಅಂಗಡಿಯವನಿಗೆ ಮರಾಠಿ ಬಿಟ್ಟರೆ ಬೇರೆ ಲಿಪಿ ಬಾರದು. ಅವ್ವ ದೇವರಮನೆಯ ಜಗಲಿಯ ಮೇಲಿನ ಪಟವನ್ನೇ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದಳು. ಅದರ ಕೆಳಗಿನ ಅಕ್ಷರ ನೋಡಿಕೊಂಡು ಅವನು ಕತ್ತರಿಸಿದ: ಶ್ರೀ ವೀರಭದ್ರೇಶ್ವರ ಪ್ರಸನ್ನ. ಮೊದಲು ಬೆರಳುದ್ದ ಕತ್ತರಿಸಿದ್ದನ್ನು ಅವ್ವ ಒಪ್ಪಲಿಲ್ಲ.

"ದೊಡ್ಡದು ಮಾಡು. ದೇವರ ಹೆಸರ ಸಣ್ಣದು ಮಾಡಿ ಯಾರ ಉದ್ಧಾರ ಆಗ್ಯಾರ?"

ಅವನಿಗೆ ಮಾತು ತಿಳಿಯದಿದ್ದರೂ ಅವ್ವನ ಕೈ ಅಳತೆ ತಿಳಿಯಿತು. ಮುಂದಿನ ಗಾಜಿನ ಮೇಲ್ತುದಿಗೆ ಒಂದು ಗೇಣು ಅಗಲದ ಕರಿ ಪಟ್ಟಿ, ಅದರ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಹಳದಿ ಅಕ್ಷರ. ದೂರದಿಂದ ನೋಡಿದರೆ ದೇವರೇ ಬರುತ್ತಿದ್ದಾನೆ, ಹಿಂದೆ ಕಾರು ಇದೆ ಅನ್ನಿಸುತ್ತಿತ್ತು.

ಆ ಹೊತ್ತಿಗೆ ನಮ್ಮ ಕಡೆಯ ರಸ್ತೆ ಅಗಲವಾಗುತ್ತಿತ್ತು. ಮೊದಲು ಸಿಗ್ನಲ್ ದೀಪ ರಸ್ತೆಯ ಬದಿಯ ಕಂಬದ ಮೇಲೆ ಇರುತ್ತಿತ್ತು. ಈಗ ಕಂಬಕ್ಕೆ ಕೈ ಬಂತು. ಆ ಕೈ ರಸ್ತೆಯ ಮೇಲೆ ಅಡ್ಡಲಾಗಿ ಚಾಚಿ, ದೀಪ ಸರಿಯಾಗಿ ನೆತ್ತಿಯ ಮೇಲೆ ತೂಗಾಡತೊಡಗಿತು. ಬಿಳಿ ಗೆರೆಯ ಮೇಲೆ ಗಾಡಿ ನಿಲ್ಲಿಸಿದರೆ ನನ್ನ ಕಣ್ಣಿಗೆ ಮೇಲೆ ಟಾಪು, ಅದರ ಕೆಳಗೆ ದೇವರ ಹೆಸರು, ಅದರ ಕೆಳಗೆ ಮುಂದಿನ ಗಾಡಿಯ ಬೆನ್ನು. ದೀಪ ಮಾತ್ರ ಇಲ್ಲ. ಗದ್ದವನ್ನು ಸ್ಟೇರಿಂಗಿನ ಮೇಲೆ ಇಟ್ಟು, ಕುತ್ತಿಗೆಯನ್ನು ಕೊಕ್ಕರೆಯ ಹಾಗೆ ತಿರುಗಿಸಿದರೂ ಕಾಣುತ್ತಿರಲಿಲ್ಲ.

ಹಾಗಾಗಿ ನಾನು ಕಿವಿಯಿಂದ ಗಾಡಿ ಓಡಿಸಲು ಕಲಿತೆ. ಹಿಂದಿನವರು ಹಾರ್ನ್ ಹೊಡೆದರೆ ಹಸಿರು ಬಂತು ಅಂತ ಅರ್ಥ. ಪುಣೆಯ ಸ್ಕೂಟರಿನವರು ಹಸಿರು ಬರುವುದಕ್ಕಿಂತ ಮೊದಲೇ ಹಾರ್ನ್ ಹೊಡೆಯುತ್ತಾರೆ ಅನ್ನುವುದು ನನಗೆ ತಡವಾಗಿ ತಿಳಿಯಿತು. ಒಂದು ದಿನ ಹಾರ್ನ್ ನಂಬಿ ಹೊರಟೆ. ಚೌಕಿನ ಆಚೆ ಟ್ರಾಫಿಕ್ ಪೊಲೀಸ ಕೈ ಅಡ್ಡ ಹಿಡಿದ.

"ಕಾಯ್ ಕಾಕಾ, ಲಾಲ್ ದಿಸತ್ ನಾಹೀ ಕಾ?" ಕೆಂಪು ಕಾಣುವುದಿಲ್ಲವೇ ಅಂತ ಅವನ ಪ್ರಶ್ನೆ.

"ನಾಹೀ ಸಾಹೇಬ್, ಖರಂಚ ದಿಸತ್ ನಾಹೀ," ನಿಜವಾಗಿಯೂ ಕಾಣುವುದಿಲ್ಲ ಅಂದೆ.

ಅವನು ಕಿಟಕಿಯಲ್ಲಿ ಬಗ್ಗಿ, ನನ್ನ ತಲೆ ನೋಡಿದ, ಟಾಪು ನೋಡಿದ, ಹಳದಿ ಅಕ್ಷರ ನೋಡಿದ. ಆಮೇಲೆ ನಗು ತಡೆಯಲಾರದೆ, "ದೇವಚ ಆಡವಾ ಆಲಾಯ್," ಅಂದ. ದೇವರೇ ಅಡ್ಡ ಬಂದಿದ್ದಾನಂತೆ. ಮುಂದೆ ಹುಷಾರಾಗಿರು ಅಂತ ಹೇಳಿ ಬಿಟ್ಟುಬಿಟ್ಟ.

ಆ ದಿನದಿಂದ ದೀಪ ನೋಡುವ ಕೆಲಸ ನನ್ನ ಹೆಂಡತಿ ವಹಿಸಿಕೊಂಡಳು. ಗಿಡ್ಡ ಇದ್ದುದರಿಂದ ಅವಳು ಪಕ್ಕದ ಸೀಟಿನ ತುದಿಗೆ ಸರಿದು, ಗಾಜಿನ ಹತ್ತಿರ ಮುಖ ಒಯ್ದು ಕೂರುತ್ತಿದ್ದಳು. ಕರಿ ಪಟ್ಟಿಯ ಕೆಳಗಿನಿಂದ ಅವಳಿಗೆ ದೀಪ ಸರಿಯಾಗಿ ಕಾಣುತ್ತಿತ್ತು. "ಕೆಂಪ ಅದ, ತಡೀರಿ... ತಡೀರಿ... ಹಾಂ, ಬಿಡ್ರಿ ಈಗ."

ಹಿಂದಿನ ಸೀಟಿನಿಂದ ಅವ್ವ, "ಇಂಡಿ ಸ್ಟೇಶನ್ ಮಾಸ್ತರನ ಗತೆ ಹೇಳ್ತಾಳ ನೋಡು. ಕೈಯಾಗ ಒಂದ ನಿಶಾನಿ ಕೊಡೋ ಆಕಿಗಿ," ಅನ್ನುತ್ತಿದ್ದಳು.

ಹೀಗೆ ಮೂವರೂ ಸೇರಿ ಒಂದು ಕಾರು ಓಡಿಸುತ್ತಿದ್ದ ಕಾಲದಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಮೊಣಕಾಲಿಗೆ ಪೆಟ್ಟಾಗಿ ಪ್ಲಾಸ್ಟರ್ ಹಾಕಿದರು. ಬಿಚ್ಚಿದ ಮೇಲೆ ಕಾಲು ಕೋಲಿನ ಹಾಗೆ ನೆಟ್ಟಗೆ ನಿಂತಿತ್ತು, ಮಡಚುತ್ತಿರಲಿಲ್ಲ. ಚಿಂಚವಡದ ಆಸ್ಪತ್ರೆಗೆ ವಾರಕ್ಕೆ ಮೂರು ಸಲ ಬಂದು ವ್ಯಾಯಾಮ ಮಾಡಿಸಬೇಕು, ಬಿಟ್ಟರೆ ಕಾಲು ಹೀಗೇ ಉಳಿಯುತ್ತದೆ ಅಂತ ಡಾಕ್ಟರು ಹೇಳಿದರು.

ಅವ್ವನಿಗೆ ನಡೆಯುವುದಕ್ಕಿಂತ ನೆಲದ ಮೇಲೆ ಕೂರುವುದರ ಚಿಂತೆ ಹೆಚ್ಚು. ಅವಳು ಹುಟ್ಟಿದಾಗಿನಿಂದ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪೂಜೆ ಮಾಡಿದವಳು, ಉಂಡವಳು. ಖುರ್ಚಿಯ ಮೇಲೆ ಕೂತು ಉಣ್ಣುವಾಗ, "ಬ್ಯಾಂಕಿನಾಗ ಕುಂತಂಗ ಆಗ್ತದ, ತುತ್ತ ಇಳಿಯವಲ್ದು," ಅನ್ನುತ್ತಿದ್ದಳು.

ರಿಕ್ಷಾದಲ್ಲಿ ಆ ನೆಟ್ಟಗಿನ ಕಾಲು ಹಿಡಿಸುತ್ತಿರಲಿಲ್ಲ. ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದೆ ಸರಿಸಿದರೆ ಮಾತ್ರ ಚಾಚಿಕೊಂಡು ಕೂರಬಹುದಿತ್ತು. ಗೆಳೆಯನೊಬ್ಬ ಒಂದೂವರೆ ತಿಂಗಳು ನನ್ನ ಜೊತೆ ಪಾಳಿ ಬದಲಿಸಿಕೊಂಡ. ನಾನು ಬೆಳಿಗ್ಗೆ ಅವ್ವನನ್ನು ಆಸ್ಪತ್ರೆಗೆ ಕರೆದೊಯ್ದು ಮಧ್ಯಾಹ್ನ ಕೆಲಸಕ್ಕೆ ಹೋಗುತ್ತಿದ್ದೆ. ನನ್ನ ಹೆಂಡತಿ ಹಿಂದಿನಿಂದ ಎರಡು ಸೀಟುಗಳ ನಡುವೆ ಮುಖ ತೂರಿಸಿ, ಬಗ್ಗಿ ದೀಪ ಹೇಳುತ್ತಿದ್ದಳು. ಅದಾದಮೇಲೆ ನಾನು ಬೆಳಗಿನ ಪಾಳಿಗೆ ಮರಳಲೇಬೇಕಿತ್ತು. ಆಮೇಲೆ ಯಾರು?

"ನಾ ಗಾಡಿ ಕಲೀತೀನ್ರಿ," ಅಂದಳು ನನ್ನ ಹೆಂಡತಿ.

ಅವ್ವ ನಕ್ಕೇ ನಕ್ಕಳು. "ಯವ್ವಾ, ನೀ ಒಳಗ ಕುಂತ್ರ ಹೊರಗಿನವರಿಗಿ ಕಾಣೂದಿಲ್ಲ. ಯಾರೂ ಇಲ್ಲದ ಗಾಡಿ ಬಂತಂತ ಮಂದಿ ದಿಕ್ಕಾಪಾಲ ಓಡ್ತಾರ."

"ಓಡ್ಲಿ ಬಿಡ್ರಿ ಅತ್ತಿ, ರಸ್ತೆ ಖಾಲಿ ಆಗ್ತದ."

ಲರ್ನಿಂಗ್ ಲೈಸೆನ್ಸ್ ಮಾಡಿಸಿದೆವು. ಮನೆ ಹತ್ತಿರದ ಪ್ರಾಧಿಕರಣ ಬಡಾವಣೆಯ ಖಾಲಿ ಪ್ಲಾಟುಗಳ ನಡುವೆ ದಿನಾ ಬೆಳಿಗ್ಗೆ ನಾನೇ ಕಲಿಸಿದೆ. ಬಾನೆಟ್ಟು ಕಾಣಲೆಂದು ಅವಳ ಕೆಳಗೆ ಎರಡು ದಿಂಬು ಇಟ್ಟೆ. ಅದರ ಮೇಲೆ ಅವಳು ಆನೆಯ ಮೇಲಿನ ಮಾವುತನ ಹಾಗೆ ಕೂರುತ್ತಿದ್ದಳು. ಗೇರು, ಕ್ಲಚ್ಚು ನನಗಿಂತ ಬೇಗ ಹಿಡಿದಳು. ಪರೀಕ್ಷೆಯೂ ಆಯಿತು, ಲೈಸೆನ್ಸೂ ಬಂತು. ಆ ಪ್ಲಾಟುಗಳಲ್ಲಿ ಸಿಗ್ನಲ್ ಇರಲಿಲ್ಲ ಅನ್ನುವುದನ್ನು ನಾವಿಬ್ಬರೂ ಯೋಚಿಸಲಿಲ್ಲ.

ಪಾಳಿ ಬದಲಾಗುವ ಕೊನೆಯ ವಾರ ಅವಳೇ ಗಾಡಿ ತೆಗೆದಳು. ಪಕ್ಕದಲ್ಲಿ ಅವ್ವ ಕಾಲು ಚಾಚಿಕೊಂಡು, ಹಿಂದೆ ನಾನು. ಮೊದಲ ದೊಡ್ಡ ಸಿಗ್ನಲ್ ಕೆಂಪಿತ್ತು. ಕಲಿಸಿದ ಹಾಗೆ ಗೆರೆಗೆ ಸರಿಯಾಗಿ ನಿಲ್ಲಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಮೆಲ್ಲಗೆ ಕೇಳಿದಳು, "ರೀ, ದೀಪ ಎಲ್ಲದ?"

"ದಿನಾ ನನಗ ಹೇಳಾಕಿ ನೀನ ಅಲ್ಲೇನ?"

"ಇವತ್ತ ನನಗೂ ಕಾಣಸವಲ್ದು. ಹಳದಿ ಅಕ್ಷರ ಅಷ್ಟ ಕಾಣಸ್ತಾವ."

ಅವ್ವ ಎರಡೂ ಕಡೆ ನೋಡಿ, "ಛಲೋ ಆತು. ಇಬ್ರ ಕುರುಡರ ನಡುವ ಒಬ್ಬಾಕಿ ಕುಂಟಿ," ಅಂದಳು.

ಹಿಂದೆ ಹಾರ್ನ್ ಶುರುವಾಯಿತು. ನನ್ನ ಹೆಂಡತಿ ಹಾರ್ನ್ ನಂಬಲಿಲ್ಲ. ಎಡಗಡೆಯ ಬಸ್ಸು ಹೊರಟ ಮೇಲೆ ಗಡಿಬಿಡಿಯಲ್ಲಿ ಕ್ಲಚ್ ಬಿಟ್ಟಳು, ಗಾಡಿ ನಡು ಚೌಕಿನಲ್ಲಿ ಬಂದ್ ಬಿತ್ತು. ಮತ್ತೆ ಚಾಲೂ ಮಾಡಿ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಅವ್ವನ ನಗು ಆರಿತ್ತು. ಇಳಿಯುವಾಗ ಹೇಳಿದಳು, "ತಮ್ಮಾ, ನೀ ಪಾಳಿಗಿ ಹೋದ ಮ್ಯಾಲ ನಾ ಬರೂದಿಲ್ಲ. ಕಾಲ ಹಿಂಗ ಇರ್ಲಿ. ಖುರ್ಚಿ ಮ್ಯಾಲ ಕುಂತ ಉಣ್ತೀನಿ."

 ಅವ್ವನನ್ನು ಒಳಗೆ ಬಿಟ್ಟು ನಾನು ಹೊರಗೆ ಬಂದಾಗ ನಿಂತ ಕಾರಿನಲ್ಲಿ ನನ್ನ ಹೆಂಡತಿ ಕೂತು ಮೇಲೆ ಕೆಳಗೆ ಆಗುತ್ತಿದ್ದಳು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಂದು ಕೆಂಪು ಫಲಕ ಇತ್ತು. ಅದನ್ನೇ ಸಿಗ್ನಲ್ ಮಾಡಿಕೊಂಡಿದ್ದಳು.

"ಇಲ್ಲಿ ನೋಡ್ರಿ. ದಿಂಬಿನ ಮ್ಯಾಲ ಕುಂತ್ರ ಆ ಫಲಕ ಕಾಣೂದಿಲ್ಲ. ದಿಂಬ ತಗದ್ರ ಕಾಣಸ್ತದ. ನೀವು ನನ್ನ ಎತ್ತರ ಮಾಡಾಕ ಹೋಗಿ ನಿಮ್ಮಂಗ ಮಾಡೀರಿ."

ಮಾತು ನಿಜವಾಗಿತ್ತು. ಎತ್ತರ ಕೂತಷ್ಟೂ ಕಣ್ಣು ಟಾಪಿನ ಹತ್ತಿರ ಹೋಗುತ್ತದೆ, ಮೇಲಿನದು ಮುಚ್ಚಿಹೋಗುತ್ತದೆ. ತಗ್ಗಿನಲ್ಲಿ, ಗಾಜಿನ ಹತ್ತಿರ ಕೂತವರಿಗೆ ಆಕಾಶ ಹೆಚ್ಚು ಕಾಣುತ್ತದೆ. ಚಿಕ್ಕ ಕಾರು ಚಿಕ್ಕವರಿಗೆಂದೇ ಮಾಡಿದ್ದು. ಆದರೆ ದಿಂಬು ಪೂರ್ತಿ ತೆಗೆದರೆ ಬಾನೆಟ್ಟು ಕಾಣುತ್ತಿರಲಿಲ್ಲ. ಇಬ್ಬರೂ ಸೇರಿ ಸೀಟನ್ನು ಒಂದೊಂದೇ ಹಲ್ಲು ಮುಂದೆ ಸರಿಸಿದೆವು. ಒಂದು ದಿಂಬು ಬೆನ್ನಿನ ಹಿಂದೆ ಹೋಯಿತು. ಇನ್ನೊಂದರ ಬದಲು ಒಂದು ಮಡಿಕೆ ಟವೆಲ್ಲು ಕೆಳಗೆ ಬಂತು. ನಾನು ಗಾಡಿಯ ಮುಂದೆ ಕೂತು ಬಾನೆಟ್ಟಿನ ತುದಿಗೆ ಕೈ ಆಡಿಸುವುದು, ಅವಳು ಒಳಗಿನಿಂದ "ಕಾಣಸ್ತು, ಕಾಣಸಲಿಲ್ಲ" ಅನ್ನುವುದು. ವಾಚ್‌ಮನ್ ಬಂದು ಗಾಡಿ ಕೆಟ್ಟಿದೆಯೇ ಅಂತ ಕೇಳಿ ಹೋದ.

ಆದರೂ ಫಲಕದ ಅರ್ಧ ಮಾತ್ರ ಕಾಣುತ್ತಿತ್ತು. ಉಳಿದರ್ಧಕ್ಕೆ ಕರಿ ಪಟ್ಟಿ ಅಡ್ಡ. ಅದರ ಮಾತು ಎತ್ತುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಅಂಟಿಸಿದ ದೇವರ ಹೆಸರನ್ನು ಕೆರೆದು ತೆಗೆಯುವುದೆಂದರೆ!

ಅಷ್ಟರಲ್ಲಿ ಅವ್ವ ಊರುಗೋಲು ಊರುತ್ತ ಬಂದಳು. "ಏನ ನಡಿಸೀರಿ ಇಬ್ರೂ, ಗಾಡಿ ಕದಿಯಾವರ ಹಂಗ?"

ನನ್ನ ಹೆಂಡತಿ ಎಲ್ಲ ಹೇಳಿದಳು, ಪಟ್ಟಿಯದೊಂದು ಬಿಟ್ಟು. ಅವ್ವ ತನ್ನ ಸೀಟಿನಲ್ಲಿ ಕೂತು ತಾನೂ ಫಲಕ ಹುಡುಕಿದಳು. ಬೀಳುವ ಮೊದಲು ಹಿಂದೆ ಕೂರುತ್ತಿದ್ದವಳು, ಆಮೇಲೆ ಮುಂದೆ ಬಂದರೂ ಕಾಲಿನ ಮೇಲೇ ಗಮನ. ಗಾಜನ್ನು ಒಳಗಿನಿಂದ ನೆಟ್ಟಗೆ ನೋಡಿದ್ದು ಅದೇ ಮೊದಲು.

"ಇಲ್ಲಿಂದ ದೇವರ ಹೆಸರ ತಿರುವು ಮುರುವು ಕಾಣಸ್ತದಲ್ಲ."

"ಹೊರಗಿನವರು ಓದ್ಲಿ ಅಂತ ಹಾಕೇವಲ್ಲ ಅವ್ವ," ಅಂದೆ.

ಅವ್ವ ಹೊರಳಿ ಹಿಂದೆ ನೋಡಿದಳು. ಆಮೇಲೆ ಕೋಲಿನಿಂದ ಹಿಂದಿನ ಗಾಜು ತೋರಿಸಿದಳು. "ಹಂಗಿದ್ರ ಹಿಂದ ಹಾಕ್ಸು. ಮುಂದ ಬರಾವರು ಯಾರು ನಿಂತ ಓದ್ತಾರ? ಹಿಂದ ಹಾರ್ನ್ ಹೊಡಕೋತ ನಿಂತಿರ್ತಾರಲ್ಲ, ಅವರು ಓದ್ಲಿ. ಅಷ್ಟ ಹೊತ್ತರ ದೇವರ ಹೆಸರ ತಗೋಲಿ."

"ಅತ್ತಿ, ಹಂಗ ತಗಿಬಹುದೇನ್ರಿ?"

"ಮೊದ್ಲ ಹಿಂದ ಹಚ್ಚಿ ಕಾಯಿ ಒಡಿಯೂದು, ಆಮ್ಯಾಲ ಮುಂದಿಂದು ತಗಿಯೂದು. ದೇವರ ಜಾಗಾ ಬದಲ ಮಾಡ್ಯಾನ, ಮನಿ ಬಿಟ್ಟಿಲ್ಲ. ಮತ್ತ, ಬೆನ್ನ ಹಿಂದ ನಿಂತ ಕಾಯಾವನ ಖರೇ ದೇವರ."

ಹಾಗೇ ಆಯಿತು. ಬಿಸಿನೀರು ಹಾಕಿ, ಬ್ಲೇಡಿನಿಂದ ಕರಿ ಪಟ್ಟಿಯ ಜೊತೆ ಮೆಲ್ಲಗೆ ಬಿಡಿಸಿದ ಹಳದಿ ಅಕ್ಷರಗಳನ್ನು ಅವ್ವ ಕಸಕ್ಕೆ ಹಾಕಗೊಡಲಿಲ್ಲ. ನಾನು ಅವನ್ನು ಪವನಾ ಹೊಳೆಗೆ ಬಿಟ್ಟು ಬಂದೆ.

ನಾನು ಬೆಳಗಿನ ಪಾಳಿಗೆ ಮರಳಿದೆ. ಆಮೇಲಿನದೆಲ್ಲ ಸಂಜೆ ಮನೆಗೆ ಬಂದಾಗ ಕೇಳಿದ ವರದಿ. ನನ್ನ ಹೆಂಡತಿ ಗೆರೆಗಿಂತ ಒಂದು ಗಾಡಿಯಷ್ಟು ಹಿಂದೆಯೇ ನಿಲ್ಲಿಸುತ್ತಿದ್ದಳಂತೆ, ದೀಪ ಇನ್ನೂ ಚೆನ್ನಾಗಿ ಕಾಣಲೆಂದು. ಆ ಖಾಲಿ ಜಾಗಕ್ಕೆ ಸ್ಕೂಟರುಗಳು ನುಗ್ಗುತ್ತಿದ್ದವಂತೆ. ಒಬ್ಬ ಕಿಟಕಿಯ ಹತ್ತಿರ ಬಂದು, "ಕಾಕೂ, ಪುಢೇ ಘ್ಯಾ ನಾ," ಮುಂದೆ ತಗೊಳ್ಳಿ ಅಂದನಂತೆ. ಅದಕ್ಕೆ ಅವ್ವ ಅಚ್ಚ ಕನ್ನಡದಲ್ಲಿ, "ನಿನಗ ಅವಸರ ಇದ್ರ ಹಾರಿ ಹೋಗಪಾ, ನಮ್ಮ ಸೊಸಿ ದೀಪ ನೋಡಲಿಕತ್ಯಾಳ," ಅಂದಳಂತೆ. ಅವನು ಆಶೀರ್ವಾದ ಅಂದುಕೊಂಡು ಕೈಮುಗಿದನಂತೆ.

"ನಮ್ಮ ಸೊಸಿ" ಅಂದದ್ದನ್ನು ನನ್ನ ಹೆಂಡತಿ ನನಗೆ ಎರಡು ಸಲ ಹೇಳಿದಳು.

ಒಂದು ವಾರವೂ ತಪ್ಪಲಿಲ್ಲ. ಮೊಣಕಾಲು ಮೊದಲು ಸ್ವಲ್ಪ, ಆಮೇಲೆ ಇನ್ನಷ್ಟು ಮಡಚಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಸಂಜೆ ನಾನು ಕಾರ್ಖಾನೆಯ ಬಸ್ಸಿಳಿದು ಮನೆಗೆ ಬಂದರೆ ಖುರ್ಚಿ ಗೋಡೆಗೆ ಸರಿದಿತ್ತು. ಅತ್ತೆ ಸೊಸೆ ಇಬ್ಬರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ನಡುವೆ ಮೆಂತ್ಯದ ಸೊಪ್ಪು ಹರಡಿಕೊಂಡು ಬಿಡಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ.

"ಏನ ನೋಡ್ತಿ? ನೀನೂ ಕೂಡು," ಅಂದಳು ಅವ್ವ.

"ಯಾವಾಗ ಕುಂತಿ ಅವ್ವ?"

"ಭಾಳ ಹೊತ್ತಾತು. ಕೂಡೂದು ಬಂತು. ಏಳೂದು ನಾಳಿಗಿ ಕಲೀತೀನಿ. ಇವತ್ತ ನೀವಿಬ್ರೂ ಎಬ್ಬಸ್ರಿ."

ಊಟ ಆಗುವವರೆಗೂ ಅವಳು ಏಳಲಿಲ್ಲ. ಅಲ್ಲೇ ತಾಟು ತರಿಸಿಕೊಂಡು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಆಮೇಲೆ ಒಂದು ಕಡೆ ನಾನು, ಒಂದು ಕಡೆ ನನ್ನ ಹೆಂಡತಿ ಹಿಡಿದು ಎಬ್ಬಿಸಿದೆವು. ಒಂದು ಭುಜ ಎತ್ತರ, ಒಂದು ಭುಜ ತಗ್ಗು. ಅವ್ವ ಹೆಚ್ಚು ಭಾರ ಹಾಕಿದ್ದು ತಗ್ಗಿನ ಭುಜದ ಮೇಲೆ.

ನಿಮ್ಮಲ್ಲಿ ಯಾರಾದರೂ ಇಂಥ ಚಿಕ್ಕ ಕಾರಿನಲ್ಲಿ ನೆತ್ತಿಯ ಮೇಲಿನ ದೀಪಕ್ಕಾಗಿ ಕುತ್ತಿಗೆ ನೋಯಿಸಿಕೊಂಡವರು ಇದ್ದರೆ, ನಿಮ್ಮ ಮನೆಯಲ್ಲಿ ದೀಪ ನೋಡಿ ಹೇಳುವವರು ಯಾರು, ನೀವು ಏನು ಉಪಾಯ ಮಾಡಿಕೊಂಡಿರಿ, ದಯವಿಟ್ಟು ಬರೆದು ತಿಳಿಸಿ. ನಾನು ಬರೆಯುವುದು ನಿಧಾನ, ಆದರೆ ಬೇರೆಯವರದನ್ನು ಬೇಗ ಓದುತ್ತೇನೆ.