ಮುನ್ನೂರರವತ್ತು ಲೀಟರ್ ಹೊಗೆ

ಎರಡು ಸಾವಿರದ ಆರನೇ ಇಸವಿಯಲ್ಲಿ, ನೇಸರಗಿಯ ಹೊರಗೆ ಹತ್ತಿ ಹೊಲಗಳ ಮಗ್ಗುಲಲ್ಲಿ, ಎರಡೇ ಸೀಟಿನ ಒಂದು ವಿಮಾನ ಹಾರುತ್ತಿತ್ತು. ಹಾರಲು ಕಲಿಯುವವರ ಸಣ್ಣ ಕ್ಲಬ್ಬು ಅದು. ವಿಮಾನಕ್ಕೆ ಪೆಟ್ರೋಲು ಕುಡಿಸುವವನು ಲಾಲಸಾಬ. ಅದಕ್ಕೂ ಮೊದಲು ಬೈಲಹೊಂಗಲದ ಪೇಟೆಯಲ್ಲಿ ಮೂವತ್ತು ವರ್ಷ ಶೇಂಗಾ ಎಣ್ಣೆ ಅಳೆದು ಮಾರಿದವನು. ವಿಮಾನ ಮೇಲೆದ್ದರೆ ಅವನೂ ಅರ್ಧ ಮೇಲೆದ್ದಂತೆ ಕಾಣುತ್ತಿದ್ದ. ಅದು ಸವದತ್ತಿ ದಿಕ್ಕಿನ ಬಿಳಿ ಬಿಸಿಲಲ್ಲಿ ಕರಗುವವರೆಗೆ ಕೈಯಲ್ಲಿದ್ದ ಕ್ಯಾನು ಕೆಳಗಿಡುತ್ತಿರಲಿಲ್ಲ.

ವರ್ಷದ ಕೊನೆಗೆ ಮ್ಯಾನೇಜರ್ ಅಜಿತ ಖಾಲಿ ಪೀಪಾಯಿಗಳನ್ನು ಎಣಿಸಿದ. ಇಪ್ಪತ್ತು, ಅಂದರೆ ನಾಲ್ಕು ಸಾವಿರ ಲೀಟರ್. ಲಾಲಸಾಬ ಲೆಕ್ಕ ಬರೆಯುವ ವಹಿಯಲ್ಲಿದ್ದದ್ದು ಮೂರು ಸಾವಿರದ ಆರುನೂರ ನಲವತ್ತು. ಉಳಿದದ್ದನ್ನು ಅವನು ತನ್ನ ಗಾಡಿಗೆ ಹಾಕಿಕೊಂಡನೆಂದು ಕಲಿಯಲು ಬರುವವರು ನಕ್ಕರು. ಅವನ ಗಾಡಿ ಸೈಕಲ್ಲು. ಒಮ್ಮೆಯೂ ವಿಮಾನ ಏರದವನ ಮಾನ ಮಾತ್ರ ಇಳಿಯಿತು. ಅಜಿತ ಅಂಗಳದಲ್ಲೇ, ಎಲ್ಲರೆದುರು ಅವನನ್ನು ಕಳ್ಳನೆಂದು ಕರೆದು, ಸೋಮವಾರದೊಳಗೆ ಉತ್ತರ ಹೇಳದಿದ್ದರೆ ಕೆಲಸ ಬಿಡಬೇಕೆಂದ. ಲಾಲಸಾಬನಿಗೆ ಉತ್ತರ ನಿಜಕ್ಕೂ ಗೊತ್ತಿರಲಿಲ್ಲ.

ಅದೇ ವಾರ ಧಾರವಾಡದಲ್ಲಿ ಎಂ.ಎಸ್ಸಿ. ಓದುವ ಅಂಬರೀನ ಬಂದಳು. ಇಂಥ ಸಣ್ಣ ವಿಮಾನ ಎಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತದೆಂದು ಅಂದಾಜು ಮಾಡುವುದು ಅವಳ ಪ್ರಬಂಧ. ಲೀಟರ್ ಪೆಟ್ರೋಲು ಮುಕ್ಕಾಲು ಕಿಲೋ ಕೂಡ ತೂಗುವುದಿಲ್ಲ, ಆದರೆ ಉರಿಯುವಾಗ ಗಾಳಿಯ ಆಮ್ಲಜನಕ ಕೂಡಿಸಿಕೊಂಡು ಎರಡು ಕಿಲೋಗೂ ಮಿಕ್ಕಿದ ಅನಿಲವಾಗುತ್ತದೆ ಎಂದು ಅವಳು ಹೇಳಿದಾಗ ಲಾಲಸಾಬ ತನ್ನ ಚಿಂತೆ ಮರೆತು ಮೇಲೆ ನೋಡಿದ. ಕಣ್ಣಿಗೆ ಕಾಣದ ಆ ಭಾರವೆಲ್ಲ ಹೂಲಿಯ ಗುಡಿಗಳ ಮೇಲೆ, ತೊರಗಲ್ಲ ಕೋಟೆಯ ಮೇಲೆ, ಸದ್ದಿಲ್ಲದೆ ತೇಲುತ್ತಿರಬೇಕು.

ಅವಳು ಎರಡು ದಾರಿಯಲ್ಲಿ ಲೆಕ್ಕ ಹಾಕಿದಳು. ವಹಿಯ ಲೀಟರುಗಳಿಂದ ಎಂಟು ಟನ್ ಬಂತು. ಪೈಲಟ್ ಬರೆದಿಟ್ಟಂತೆ ಹಾರಿದ್ದು ಇನ್ನೂರು ತಾಸು, ತಾಸಿಗೆ ಇಪ್ಪತ್ತು ಲೀಟರ್, ಅಂದರೆ ಪೀಪಾಯಿಗಳ ಲೆಕ್ಕದಷ್ಟೇ ನಾಲ್ಕು ಸಾವಿರ. ಆ ದಾರಿಯಲ್ಲಿ ಎಂಟೂ ಮುಕ್ಕಾಲು ಟನ್. ವಿಮಾನ ವಹಿಗಿಂತ ಹೆಚ್ಚು ಕುಡಿದಿತ್ತು.

ಮರುದಿನ ಬೆಳಿಗ್ಗೆ ಪಕ್ಕದಲ್ಲೇ ನಿಂತು ನೋಡಿದಳು. ಐದು ಲೀಟರಿನ ಕ್ಯಾನು ಸುರಿದ ಮೇಲೆ, ಪ್ರತಿ ಸಲವೂ, ಲಾಲಸಾಬನ ಬಲಗೈ ತಾನಾಗಿ ಪೀಪಾಯಿಗೆ ಹೋಗಿ ಅರ್ಧ ಲೀಟರಿನ ತಂಬಿಗೆ ಮೊಗೆದು ಟಾಕಿಗೆ ಸುರಿಯಿತು. ವಹಿಯಲ್ಲಿ ಬರೆದದ್ದು ಐದೇ.

“ಇದೇನ್ರಿ ಚಾಚಾ?”

“ಕೊಸರವಾ. ಅಳದ ಮ್ಯಾಲ ಒಂದೀಟ ಹೆಚ್ಚಿಗಿ ಹಾಕಬೇಕಲ್ಲ. ಕೊಸರ ಯಾರರ ಬರದಿಡತಾರೇನ?”

ಮೂವತ್ತು ವರ್ಷದ ಪೇಟೆಯ ಕೈ. ಈ ಸಲದ ಗಿರಾಕಿ ವಿಮಾನವೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಅಂಬರೀನ ಕಾಗದ ಹಿಡಿದು ಅಜಿತನಿಗೆ ವಿವರಿಸಿದಳು: ಐದಕ್ಕೆ ಅರ್ಧದಂತೆ ವರ್ಷದ ಕೊಸರೇ ಸುಮಾರು ಮುನ್ನೂರರವತ್ತು ಲೀಟರ್, ಪೆಟ್ರೋಲು ಬೇರೆಲ್ಲೂ ಹೋಗಿಲ್ಲ, ಪೂರಾ ಆಕಾಶಕ್ಕೇ ಹೋಗಿದೆ. ಅಜಿತ ಲಾಲಸಾಬನನ್ನು ಆಫೀಸಿಗೆ ಕರೆದು, ಬಾಗಿಲು ಮುಚ್ಚಿ, ತಪ್ಪಾಯಿತೆಂದ.

“ಇಲ್ಲಿ ಬ್ಯಾಡ್ರಿ ಸಾಹೇಬ್ರ. ಕಳ್ಳ ಅಂದದ್ದು ಹೊರಗ. ಹೊರಗ ಬಂದ ಹೇಳ್ರಿ.”

ಅಜಿತ ಹೊರಗೆ ಬಂದು ಎಲ್ಲರೆದುರು ಹೇಳಿದ. ಹೇಳುತ್ತಿದ್ದಂತೆಯೇ ತಲೆಯ ಮೇಲೆ ವಿಮಾನದ ಸದ್ದು. ಅದು ದೂರ ಹೋಗುವವರೆಗೆ ಲಾಲಸಾಬ ಕಣ್ಣು ಕಿರಿದು ಮಾಡಿ ನೋಡುತ್ತ ನಿಂತ. ಆಮೇಲೆ ಅಜಿತನ ಕಡೆ ತಿರುಗಿ, ಸರಿಯಾಗಿ ಕೇಳಿಸಲಿಲ್ಲವೆಂದ.