ಹುಳುಮನೆಯ ರೆಕಾರ್ಡುಗಳು

ರೆಕಾರ್ಡಿನ ಮೇಲೆ ಮುಳ್ಳು ಇಳಿದ ಮೇಲೆ, ಹಾಡು ಶುರುವಾಗುವ ಮೊದಲು, ಚರಚರ ಎಂದು ಒಂದು ಸದ್ದು ಬರುತ್ತದಲ್ಲ, ಅದನ್ನು ನೀವು ಕೇಳಿದ್ದೀರಾ? ಮೊಬೈಲಿನಲ್ಲಿ ಹಾಡು ಕೇಳುವವರಿಗೆ ಆ ಭಾಗ್ಯವಿಲ್ಲ. ಅಲ್ಲಿ ಬೆರಳು ತಾಗಿದ ಕೂಡಲೇ ಹಾಡುವವರು ಬಾಗಿಲಲ್ಲೇ ಕಾದು ನಿಂತಿದ್ದ ನೆಂಟರಂತೆ ಒಳಗೆ ನುಗ್ಗಿಬಿಡುತ್ತಾರೆ. ರೆಕಾರ್ಡಿನವರು ಹಾಗಲ್ಲ, ಸ್ವಲ್ಪ ಕಾಯಿಸಿ ಬರುತ್ತಾರೆ. ಇವತ್ತು ಭಾನುವಾರ ಬೆಳಿಗ್ಗೆ, ಕೋಲಾರದ ನಮ್ಮ ಮನೆಯ ಹಾಲಿನಲ್ಲಿ, ಹಳೆಯದೊಂದು ರೆಕಾರ್ಡು ಹಾಕಿ ಆ ಚರಚರ ಕೇಳುತ್ತಿದ್ದಂತೆ ಮೂಗಿಗೆ ಹಿಪ್ಪುನೇರಳೆ ಸೊಪ್ಪಿನ ವಾಸನೆ ಬಡಿಯಿತು. ನಮ್ಮ ಬೀದಿಯಲ್ಲಿ ಮೂಸಿ ನೋಡಿದರೆ ಸಿಗುವುದು ಬೇಕರಿಯ ವಾಸನೆ ಮತ್ತು ಚರಂಡಿಯ ವಾಸನೆ, ಎರಡೇ. ಹಿಪ್ಪುನೇರಳೆ ಬಂದದ್ದು ವಕ್ಕಲೇರಿಯಿಂದ, ಅದೂ ನಲವತ್ತು ವರ್ಷ ದಾಟಿ.

ರೇಷ್ಮೆ ಬೆಳೆದ ಮನೆಯವರಾದರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚಲು ಕೂರುವುದಕ್ಕೆ ನಮ್ಮ ಕಡೆ ಜ್ವರವೆಂದೇ ಹೆಸರು. ನಾಲ್ಕನೆಯ ಜ್ವರದಿಂದ ಎದ್ದ ಹುಳು ಎಷ್ಟು ಹಸಿದಿರುತ್ತದೆಂದರೆ, ತಟ್ಟೆಯ ತುಂಬ ಸೊಪ್ಪು ಸುರಿದು ಕೈ ಹಿಂದೆಗೆಯುವಷ್ಟರಲ್ಲಿ ಕಡ್ಡಿ ಮಾತ್ರ ಉಳಿದಿರುತ್ತದೆ. ಸಾವಿರಾರು ಹುಳು ಒಟ್ಟಿಗೆ ಮೇಯುವಾಗ ಕೋಣೆಯೆಲ್ಲ ಚರಚರ ಎನ್ನುತ್ತದೆ. ಶಾಲೆಗೆ ರಜೆ ಬಿಟ್ಟಾಗ ನಾನು ವಕ್ಕಲೇರಿಯ ಸರೋಜತ್ತೆಯ ಮನೆಗೆ ಹೋಗಿ, ಮಧ್ಯಾಹ್ನದ ಹೊತ್ತು ಹುಳುಮನೆಯ ಹೊಸ್ತಿಲ ಈಚೆ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ. ಒಳಗೆ ಹುಳು ಮೇಯುತ್ತಿತ್ತು, ಗೋಡೆಯ ಗೂಡಿನಲ್ಲಿಟ್ಟ ಪ್ಲೇಯರಿನಲ್ಲಿ ರೆಕಾರ್ಡು ತಿರುಗುತ್ತಿತ್ತು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತಿನಲ್ಲಿ ಯಾವ ಚರಚರ ರೆಕಾರ್ಡಿನದು, ಯಾವುದು ಹುಳುವಿನದು ಎಂದು ಗೊತ್ತಾಗುತ್ತಿರಲಿಲ್ಲ. ಅದನ್ನು ಬೇರೆ ಮಾಡಲು ಹೊರಟು ಅರ್ಧದಲ್ಲೇ ನಿದ್ದೆ ಹೋಗುತ್ತಿದ್ದೆ. ಅಂಥ ನಿದ್ದೆ ಆಮೇಲೆ ನನಗೆ ಬಂದಿಲ್ಲ.

ಸರೋಜತ್ತೆ ನನ್ನ ಅಪ್ಪನ ತಂಗಿ. ಹುಟ್ಟಿದ್ದು ಮುಳಬಾಗಿಲಿನಲ್ಲಿ. ಅಲ್ಲಿ ನಮ್ಮ ತಾತನ ಮೈಕ್ ಸೆಟ್ ಅಂಗಡಿ ಇತ್ತು. ಮೈಕ್ ಸೆಟ್ಟಿನವನಿಗೆ ಜಾತಿ ಮತ ಇಟ್ಟುಕೊಂಡರೆ ಹೊಟ್ಟೆ ತುಂಬುವುದಿಲ್ಲ. ದೇವಸ್ಥಾನಕ್ಕೆ ದೇವರನಾಮ, ಉರುಸಿಗೆ ಕವ್ವಾಲಿ, ಚರ್ಚಿಗೆ ಕ್ರಿಸ್‌ಮಸ್ಸಿನ ಪದ, ಮದುವೆಗೆ ನಾದಸ್ವರ, ಊಟದ ಹೊತ್ತಿಗೆ ತೆಲುಗು ಸಿನಿಮಾ ಹಾಡು, ಮುದುಕರು ಹೆಚ್ಚಿದ್ದ ಕಡೆ ಹರಿಕಥೆ ಮತ್ತು ನಾಟಕದ ಪದ. ಹೀಗಾಗಿ ತಾತನ ಪೆಟ್ಟಿಗೆಯಲ್ಲಿ ಎಲ್ಲ ದೇವರೂ ಎಲ್ಲ ಹೀರೋಗಳೂ ಒಬ್ಬರ ಬೆನ್ನಿಗೊಬ್ಬರು ಒರಗಿ ನಿಂತಿದ್ದರು. ಕ್ಯಾಸೆಟ್ಟು ಬಂದ ಮೇಲೆ ರೆಕಾರ್ಡನ್ನು ಕೇಳುವವರಿಲ್ಲವಾಯಿತು. ಮದುವೆಯಾಗಿ ಹೊರಟ ಅತ್ತೆ, ಮುಚ್ಚಳದಲ್ಲೇ ಸ್ಪೀಕರ್ ಇದ್ದ ಒಂದು ಪ್ಲೇಯರನ್ನೂ ಆ ಪೆಟ್ಟಿಗೆಯನ್ನೂ ಕೊಡಪ್ಪ ಎಂದು ಕೇಳಿದಳಂತೆ. ಹಿತ್ತಾಳೆ ಹಂಡೆ, ಟ್ರಂಕುಗಳ ಜೊತೆ ಅವೂ ಲಾರಿ ಹತ್ತಿ ವಕ್ಕಲೇರಿಗೆ ಬಂದವು.

ಅತ್ತೆಗೆ ಹಾಡೆಂದರೆ ಹಸಿವು. ಯಾವ ಹಾಡು ಎಂದು ಕೇಳುವುದೇ ತಪ್ಪು. ಕೆಲವರಿಗೆ ಶಾಸ್ತ್ರೀಯ ಸಂಗೀತ ಬಿಟ್ಟು ಬೇರೆಯದು ಸೇರದು, ಕೆಲವರಿಗೆ ಅದರ ಸುದ್ದಿ ಎತ್ತಿದರೇ ಆಕಳಿಕೆ. ಅತ್ತೆಗೆ ಎಲ್ಲವೂ ಬೇಕು. ಒಂದು ಇಂಗ್ಲಿಷ್ ರೆಕಾರ್ಡೂ ಇತ್ತು. ಅದು ಯಾರದು, ಏನು ಹೇಳುತ್ತದೆ, ಮುಳಬಾಗಿಲಿಗೆ ಹೇಗೆ ಬಂತು, ಒಂದೂ ಯಾರಿಗೂ ತಿಳಿಯದು. ಕವರಿನ ಮೇಲೆ ಕೆನ್ನೆ ಉಬ್ಬಿಸಿಕೊಂಡು ತುತ್ತೂರಿ ಊದುವವನ ಚಿತ್ರ. ಅದನ್ನು ಹಾಕಿದಾಗಲೆಲ್ಲ ಅತ್ತೆ ಕೈ ತೋರಿಸಿ, ಮುಳಬಾಗಿಲಿನ ತೆಲುಗಿನಲ್ಲಿ, "ಚೂಡವೇ, ಎಂತ ಬಾಗ ಏಡುಸ್ತಾಡೋ!" ಎನ್ನುತ್ತಿದ್ದಳು. ನೋಡೇ, ಎಷ್ಟು ಚೆನ್ನಾಗಿ ಅಳ್ತಾನೆ, ಎಂದು.

ಇಷ್ಟೆಲ್ಲ ಆಸೆ ಇಟ್ಟುಕೊಂಡವಳು ಬಂದು ಸೇರಿದ್ದು ರೇಷ್ಮೆ ಬೆಳೆಯುವ ಮನೆಗೆ. ಬೆಳೆ ಮನೆಯಲ್ಲಿದೆ ಎಂದರೆ ಕಟ್ಟಳೆಗಳ ಮೇಲೆ ಕಟ್ಟಳೆ. ಒಣಮೆಣಸಿನಕಾಯಿಯ ಒಗ್ಗರಣೆ ಹಾಕುವಂತಿಲ್ಲ, ಊದುಕಡ್ಡಿ ಹಚ್ಚುವಂತಿಲ್ಲ, ಹೊರಗಿನವರು ಹೊಸ್ತಿಲು ದಾಟುವಂತಿಲ್ಲ, ಗಟ್ಟಿಯಾಗಿ ಜಗಳವಾಡುವಂತೆಯೂ ಇಲ್ಲ. ಕಟ್ಟಳೆ ಕಾಯುತ್ತಿದ್ದವಳು ಅತ್ತೆಯ ಅತ್ತೆ. ಮನೆಯವರೆಲ್ಲ ಅವಳನ್ನು ಅವ್ವ ಎನ್ನುತ್ತಿದ್ದರು. ಹುಳುವಿನ ಮೈ ಮುಟ್ಟಿ ನೋಡಿ ನಾಳೆ ಜ್ವರಕ್ಕೆ ಕೂರುತ್ತದೋ ನಾಡಿದ್ದೋ ಎಂದು ಹೇಳಬಲ್ಲವಳು. ಸೊಸೆ ಬಂದ ಮೊದಲ ವಾರವೇ ಪ್ಲೇಯರಿನ ಮುಂದೆ ಕೂತದ್ದನ್ನು ಕಂಡು, "ಏನಮ್ಮಣ್ಣಿ, ಕೆಲ್ಸ ಮುಗೀತಾ? ಹಾಡು ಕೇಳ್ಕೊಂಡು ಕೂತಿದೀಯ?" ಎಂದಳಂತೆ. ಬೈಗುಳವಲ್ಲ, ಒಂದು ಪ್ರಶ್ನೆ, ಅಷ್ಟೇ. ಆದರೆ ಅದಕ್ಕೆ ಉತ್ತರ ಕೊಡುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟ.

ಅತ್ತೆ ಉತ್ತರ ಹುಡುಕಿಕೊಂಡಳು. "ನಂಗಲ್ಲ ಅವ್ವ, ಹುಳಕ್ಕೆ! ಹಾಡು ಕೇಳಿದ್ರೆ ಹುಳ ಜಾಸ್ತಿ ಮೇಯ್ತದೆ. ನಮ್ಮೂರ್ ಕಡೆ ಹಸೂಗೂ ಹಾಡು ಹಾಕ್ತಾರೆ, ಹಾಲು ಜಾಸ್ತಿ ಕೊಡ್ತವೆ" ಎಂದಳು. ಮುಳಬಾಗಿಲಿನ ಯಾವ ಹಸು ಯಾವ ಹಾಡು ಕೇಳಿತ್ತೋ ಆ ದೇವರೇ ಬಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುವ ಹಾಗೆ ಆ ಸಲ ಬೆಳೆ ಚೆನ್ನಾಗಿಯೇ ಬಂತು. ಪ್ಲೇಯರು ಹುಳುಮನೆಯೊಳಗೆ ಜಾಗ ಹಿಡಿಯಿತು.

ಅಲ್ಲಿಂದ ಮುಂದೆ ಅತ್ತೆಯ ಶಾಸ್ತ್ರ ಬೆಳೆಯುತ್ತಾ ಹೋಯಿತು. ಸಾಸಿವೆಯಷ್ಟಿರುವ ಎಳೆ ಹುಳುವಿಗೆ ಕೊಳಲು; ನಾದಸ್ವರ ಹಾಕಿದರೆ ಬೆಚ್ಚುತ್ತವೆ. ಎರಡನೆಯ ಜ್ವರ ಎದ್ದ ಮೇಲೆ ದೇವರನಾಮ. ತಟ್ಟೆಯ ಕಸ ತೆಗೆಯುವ ದಿನ ಹರಿಕಥೆ, ಏಕೆಂದರೆ ಎರಡೂ ಬೇಗ ಮುಗಿಯುವುದಿಲ್ಲ. ಸೊಪ್ಪು ಕತ್ತರಿಸುವಾಗ ಕವ್ವಾಲಿ, ಚಪ್ಪಾಳೆಗೆ ಸರಿಯಾಗಿ ಕತ್ತಿ ಆಡುತ್ತದೆ. ದೊಡ್ಡ ಹಸಿವಿನ ದಿನಗಳಿಗೆ ತೆಲುಗಿನ ಕುಣಿತದ ಹಾಡು. ಹುಳು ಹಣ್ಣಾಗಿ ಮೈ ಹಳದಿ ತಿರುಗಿ, ಗೂಡು ಕಟ್ಟಲು ಚಂದ್ರಿಕೆಯೆಂಬ ಬಿದಿರಿನ ತಟ್ಟಿಗೆ ಬಿಡುವ ದಿನ, ತುತ್ತೂರಿಯವನ ಸರದಿ. ಹುಳುಗಳು ಅವನ ಅಳು ಕೇಳುತ್ತಾ ನೂಲು ಸುತ್ತಿಕೊಳ್ಳುತ್ತಿದ್ದವು.

ನನ್ನ ಸಂಗೀತದ ಪಾಠಶಾಲೆ ಅದೇ. ಇವತ್ತಿಗೂ ನನಗೆ ರಾಗಗಳ ಹೆಸರು ಬರುವುದಿಲ್ಲ. ಕಚೇರಿಗೆ ಹೋದರೆ ಪಕ್ಕದವರು ಕಣ್ಣು ಮುಚ್ಚಿ ರಾಗ ಗುರುತಿಸುತ್ತಿರುವಾಗ, ಇದು ಎರಡನೆಯ ಜ್ವರದ್ದು, ಇದು ಕಸ ತೆಗೆಯುವ ದಿನದ್ದು ಎಂದು ನಾನು ಒಳಗೊಳಗೇ ಗುರುತಿಸುತ್ತೇನೆ. ತಲೆಯನ್ನಂತೂ ಎಲ್ಲರಷ್ಟೇ ಗಂಭೀರವಾಗಿ ಆಡಿಸುತ್ತೇನೆ, ಬಿಡಿ.

ಹೀಗೆ ನಡೆಯುತ್ತಿದ್ದಾಗ ಒಂದು ಕಾರ್ತಿಕದಲ್ಲಿ ಜಡಿಮಳೆ ಹಿಡಿಯಿತು. ಸೊಪ್ಪು ಒದ್ದೆ, ಗೋಡೆ ತಣ್ಣಗೆ. ಅವ್ವನಿಗೆ ಮೊದಲೇ ಅನುಮಾನ ಬಂದಿತ್ತು. "ಈ ಬೆಳೆ ಹುಳಕ್ಕೆ ಸದ್ದು ಬ್ಯಾಡ ಸರೋಜಾ, ನನ್ ಮಾತು ಕೇಳು" ಎಂದಳು. ಇಷ್ಟು ದಿನ ತಾನೇ ಹೇಳಿ ಹೇಳಿ ಅತ್ತೆಗೆ ತನ್ನ ಶಾಸ್ತ್ರದ ಮೇಲೆ ನಂಬಿಕೆಯೇ ಬಂದುಬಿಟ್ಟಿತ್ತು. "ಏನೂ ಆಗಲ್ಲ ಅವ್ವ. ಕೆಟ್ರೆ ಪೆಟ್ಟಿಗೇನ ನಾನೇ ಮುಳಬಾಗಿಲಿಗೆ ಕಳಿಸ್ತೀನಿ" ಎಂದು ಮಾತು ಕೊಟ್ಟಳು. ಸುಣ್ಣಕಟ್ಟು ರೋಗ ಬಂತು. ಹುಳುಗಳು ಬಿಳುಪೇರಿ, ಬಳಪದ ಕಡ್ಡಿಯಂತೆ ಸೆಟೆದು, ತಟ್ಟೆ ತಟ್ಟೆಯೇ ಗುಂಡಿ ಸೇರಿತು. ರೋಗ ತಂದದ್ದು ಥಂಡಿ ಎಂದು ಎಲ್ಲರಿಗೂ ಗೊತ್ತಿತ್ತು, ಅವ್ವನಿಗೂ ಗೊತ್ತಿತ್ತು. ಆದರೂ ಕೊಟ್ಟ ಮಾತು ಮಾತೇ. ಅತ್ತೆ ಹಳೆಯ ಸೀರೆಯಲ್ಲಿ ಪೆಟ್ಟಿಗೆ ಸುತ್ತಿದಳು. ಮುಳಬಾಗಿಲ ಕಡೆ ಹೋಗುವವರು ಸಿಗುವವರೆಗೆ ಇರಲಿ ಎಂದು ಅತ್ತೆಯ ಗಂಡ, ನಮ್ಮ ಮಾವ, ಅದನ್ನೂ ಪ್ಲೇಯರನ್ನೂ ದನದ ಕೊಟ್ಟಿಗೆಯ ಅಟ್ಟಕ್ಕೆ ಏರಿಸಿದರು. ಮಾವ ಮಾತು ಕಮ್ಮಿಯ ಮನುಷ್ಯ. ಅವ್ವನ ಕಡೆಯೂ ಅಲ್ಲ, ಅತ್ತೆಯ ಕಡೆಯೂ ಅಲ್ಲ, ಹಾಗೆ ಎರಡು ಹೆಂಗಸರ ನಡುವೆ ಹುಷಾರಾಗಿ ಬದುಕಿದವರು.

ಬೇಸಿಗೆ ರಜೆಗೆ ನಾನು ಹೋದಾಗ ಹುಳುಮನೆಯಲ್ಲಿ ಹೊಸ ಬೆಳೆ ಇತ್ತು, ಪೆಟ್ಟಿಗೆ ಇನ್ನೂ ಅಟ್ಟದಲ್ಲೇ ಇತ್ತು. ಹೊಸ್ತಿಲಲ್ಲಿ ಮಲಗಿದರೆ ಹುಳುಗಳ ಚರಚರ ಮಾತ್ರ ಕೇಳುತ್ತಿತ್ತು. ಹಾಡು ಈಗ ಶುರುವಾದೀತು, ಈಗ ಶುರುವಾದೀತು ಎಂದು ಕಿವಿ ಕಾಯುತ್ತಿತ್ತು, ಶುರುವಾಗುತ್ತಿರಲಿಲ್ಲ. ನಿದ್ದೆಯೂ ಬರಲಿಲ್ಲ. ಅತ್ತೆ ಎಂದಿನಂತೆ ಸೊಪ್ಪು ಹಾಕುತ್ತಿದ್ದಳು, ಕಸ ತೆಗೆಯುತ್ತಿದ್ದಳು, ನನ್ನ ಜಡೆ ಹೆಣೆಯುತ್ತಿದ್ದಳು. ಸಪ್ಪಗಿದ್ದಾಳೆ ಎಂದು ಯಾರೂ ಹೇಳುವ ಹಾಗಿರಲಿಲ್ಲ. ಆದರೆ ಕವ್ವಾಲಿಯಿಲ್ಲದೆ ಅವಳ ಕತ್ತಿ ಸೊಪ್ಪಿನ ಮೇಲೆ ತಡೆತಡೆದು ಬೀಳುತ್ತಿತ್ತು. ನನಗೆ ಅದನ್ನು ನೋಡಿದರೆ ಅಳು ಬರುತ್ತಿತ್ತು.

ಗಾಯದ ಮೇಲೆ ಬರೆ ಎಳೆದ ಹಾಗೆ ಆ ಬೆಳೆ ಅದ್ಭುತವಾಗಿ ಬಂತು. ಅಂಥ ಗೂಡನ್ನು ಆ ಮನೆ ಹಿಂದೆ ಕಂಡಿರಲಿಲ್ಲ. ಹಿಡಿದರೆ ಗಟ್ಟಿ, ಅಲ್ಲಾಡಿಸಿದರೆ ಒಳಗೆ ಟಿಕ್ ಟಿಕ್. ಗೂಡು ಬಿಡಿಸುವ ದಿನ ನಾವೆಲ್ಲ ಅಂಗಳದಲ್ಲಿ ಚಂದ್ರಿಕೆಗಳ ಸುತ್ತ ಕೂತಿದ್ದೆವು. ಅವ್ವ ಒಂದು ಗೂಡನ್ನು ಬಿಸಿಲಿಗೆ ಹಿಡಿದು ನೋಡಿ, ಮೆತ್ತಗೆ, ಹಂಗಿಸುವ ದನಿಯೇ ಇಲ್ಲದೆ, "ನೋಡ್ದಾ ಸರೋಜಾ, ಹಾಡಿಲ್ದಿದ್ರೂ ಮೇಯ್ದವೆ" ಎಂದಳು.

ಅತ್ತೆ ಗೂಡು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಮೇಯ್ತವೆ ಅವ್ವ. ಹುಳಕ್ಕೆ ಹಾಡು ಯಾವತ್ತೂ ಬೇಕಾಗಿರ್ಲಿಲ್ಲ" ಎಂದಳು.

"ಮತ್ತೆ ಯಾಕ್ ಹಂಗಂದೆ?"

"ಸುಳ್ಳು ಹೇಳ್ದೆ. ಬೇಕಾಗಿದ್ದು ನಂಗೆ."

ಇನ್ನೊಂದು ಗೂಡು ಬಿಡಿಸುತ್ತಾ ಅತ್ತೆ ಮುಂದುವರಿಸಿದಳು. "ನಂಗೆ ಹಾಡು ಕೇಳೋದಂದ್ರೆ ಇಷ್ಟ ಅವ್ವ. ಅದ್ರಿಂದ ಹಾಲೂ ಜಾಸ್ತಿ ಬರಲ್ಲ, ಗೂಡೂ ಜಾಸ್ತಿ ಬರಲ್ಲ. ಸುಮ್ನೆ ಇಷ್ಟ. ಪೆಟ್ಟಿಗೆ ಮುಳಬಾಗಿಲಿಗೆ ಕಳಿಸಕ್ಕೆ ನನ್ ಕೈಲಾಗಲ್ಲ."

ಈಗ ನಿಮಗೆ ಇದು ಸಣ್ಣ ಮಾತೆನಿಸಬಹುದು. ಆ ಅಂಗಳದಲ್ಲಿ ಅದು ಸಣ್ಣದಾಗಿರಲಿಲ್ಲ. ಮಕ್ಕಳಿಗೆ ಬೇಕು, ದನಕ್ಕೆ ಬೇಕು, ದೇವರಿಗೆ ಬೇಕು ಎಂದು ಕೇಳುವ ಹೆಂಗಸರನ್ನು ನಾನು ದಿನಾ ನೋಡುತ್ತಿದ್ದೆ. ಸುಮ್ಮನೆ ನನಗೆ ಬೇಕು ಎಂದವಳನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ಇನ್ನೇನಾಗುತ್ತದೋ ಎಂದು ಹೆದರಿ ಕೈಯಲ್ಲಿದ್ದ ಗೂಡನ್ನು ಅಪ್ಪಚ್ಚಿ ಮಾಡಿಬಿಟ್ಟಿದ್ದೆ.

"ಹಾಡು ಕೇಳ್ಕೊಂಡು ಕೂತ್ರೆ ಕೆಲ್ಸ ಯಾರಮ್ಮ ಮಾಡ್ತಾರೆ?" ಎಂದಳು ಅವ್ವ.

"ಮಾಡಿಟ್ಟೇ ಕೂತ್ಕೊಂತೀನಿ. ಆದ್ರೆ ಕೂತ್ಕೊಂತೀನಿ."

ಆಗ ಮಾವ ಎದ್ದರು. ಜಗಳ ತಪ್ಪಿಸಿಕೊಂಡು ಹೊಲಕ್ಕೆ ಹೊರಟರೇನೋ ಎಂದುಕೊಂಡೆ. ಅವರು ಕೊಟ್ಟಿಗೆಗೆ ಹೋಗಿ ಏಣಿ ಹಾಕಿದ ಸದ್ದು ಕೇಳಿಸಿತು. ಸೀರೆಯ ಗಂಟನ್ನೂ ಪ್ಲೇಯರನ್ನೂ ತಂದು ಜಗಲಿಯ ಮೇಲಿಟ್ಟು, "ಗೆದ್ದಲು ಗಿದ್ದಲು ಹಿಡ್ದೈತೇನೋ ನೋಡು" ಎಂದರು. ಅವರ ಸಂಸಾರದಲ್ಲಿ ಅದಕ್ಕಿಂತ ಪ್ರೀತಿಯ ಮಾತನ್ನು ನಾನು ಕೇಳಿಲ್ಲ. ಅವ್ವ ಗಂಟನ್ನು ನೋಡಿದಳು, ಮಗನನ್ನು ನೋಡಿದಳು, ಮತ್ತೆ ಚಂದ್ರಿಕೆಗೆ ಬಗ್ಗಿದಳು. ಅದನ್ನು ಖಾಲಿ ಮಾಡಿ ಪಕ್ಕಕ್ಕಿಡುತ್ತಾ ಹೇಳಿದಳು, "ಹುಳುಮನೆ ಒಳಕ್ಕೆ ಬ್ಯಾಡ. ಪಡಸಾಲೇಲಿ ಇಕ್ಕೋ. ಸದ್ದು ಕಮ್ಮಿ ಇರ್ಲಿ."

ಅವತ್ತು ಸಂಜೆ, ಕೆಲಸವೆಲ್ಲ ಮುಗಿದ ಮೇಲೆ, ಅತ್ತೆ ಕೈಕಾಲು ತೊಳೆದು ಪಡಸಾಲೆಯ ಕಂಬಕ್ಕೆ ಒರಗಿ ಕೂತಳು. ತುತ್ತೂರಿಯವನನ್ನು ಹಾಕಿದಳು. ಕೈಯಲ್ಲಿ ಸೊಪ್ಪಿಲ್ಲ, ಕತ್ತಿಯಿಲ್ಲ, ಹೂವಿನ ದಂಡೆಯೂ ಇಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಮೊದಲು ಸ್ವಲ್ಪ ಪೇಚಾಡಿದಳು. ಆಮೇಲೆ ಅವು ಮಡಿಲಲ್ಲಿ ತಾವಾಗಿಯೇ ಸುಮ್ಮನಾದವು. ಹುಳುಗಳೆಲ್ಲ ಗೂಡು ಸೇರಿದ್ದರಿಂದ ಮನೆಯಲ್ಲಿ ಮೇಯುವ ಸದ್ದಿರಲಿಲ್ಲ. ರೆಕಾರ್ಡಿನ ಚರಚರವನ್ನು ನಾನು ಬೇರೆಯಾಗಿ ಕೇಳಿದ್ದು ಅದೇ ಮೊದಲು. ಒಂದು ಮಗ್ಗುಲು ಮುಗಿಯಿತು. ಅತ್ತೆ ಎದ್ದು ರೆಕಾರ್ಡನ್ನು ಮಗುಚಿ ಹಾಕಿ ಮತ್ತೆ ಕೂತಳು.

ವಕ್ಕಲೇರಿಯ ಹುಳುಮನೆಯಲ್ಲಿ ಈಗ ಸೀಮೆಹಸುಗಳಿವೆ. ಅತ್ತೆ ಮಾಲೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಮೊಮ್ಮಗಳ ಮೊಬೈಲಿನಲ್ಲಿ ಇನ್ನೂ ಏನೇನೋ ಹೊಸ ಹಾಡು ಕಂಡುಹಿಡಿದು, ನನಗೆ ಫೋನು ಮಾಡಿ, "ಇದನ್ನ ಕೇಳಿದೀಯೇನೇ?" ಎಂದು ಜಂಬ ಕೊಚ್ಚುತ್ತಾಳೆ. ಮುಳ್ಳು ಇಳಿಸಲು ಕೈ ನಡುಗುತ್ತದೆ ಎಂದು ಹೋದ ವರ್ಷ ರೆಕಾರ್ಡುಗಳನ್ನು ನನಗೆ ಕೊಟ್ಟಳು.

ಕೊಟ್ಟಾಗಿನಿಂದ ನಾನು ಅವನ್ನು ಹೇಗೆ ಕೇಳುತ್ತಿದ್ದೇನೆ ಗೊತ್ತೇ? ಬಟ್ಟೆ ಮಡಿಸುತ್ತಾ, ಅವರೆಕಾಯಿ ಬಿಡಿಸುತ್ತಾ, ಪರೀಕ್ಷೆಯ ಪೇಪರು ತಿದ್ದುತ್ತಾ. ಯಾರಾದರೂ ಕೇಳಿದರೆ, ಬಿ.ಪಿ.ಗೆ ಒಳ್ಳೆಯದಂತೆ, ಡಾಕ್ಟರು ಹೇಳಿದ್ದಾರೆ ಎನ್ನುತ್ತೇನೆ. ಯಾವ ಡಾಕ್ಟರೂ ಹೇಳಿಲ್ಲ. ಇವತ್ತು ಇಷ್ಟೆಲ್ಲ ನೆನಪಾದ ಮೇಲೆ ತಿದ್ದುವ ಪೇಪರುಗಳನ್ನು ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಸುಮ್ಮನೆ ಕೂತೆ. ಎರಡನೆಯ ಹಾಡು ನಡೆಯುತ್ತಿದ್ದಾಗ ಫೋನು ಬಂತು. ನಮ್ಮ ಶಾಲೆಯ ಇನ್ನೊಬ್ಬ ಟೀಚರು.

"ಮೇಡಂ, ಮನೇಲಿದ್ದೀರಾ? ಬಿಡುವಾಗಿದ್ದೀರಾ?"

"ಮನೇಲಿದೀನಿ ಕಣಮ್ಮ. ಬಿಡುವಿಲ್ಲ. ಹಾಡು ಕೇಳ್ತಾ ಇದೀನಿ."